ಏಳನೆಯ ಕೊಡೆಯಡಿ ಕಂಡ ಹಕ್ಕಿಗಳು

ಸುಳ್ಳು ಹೇಳುವವರಲ್ಲಿ ಎರಡು ಬಗೆ ಎಂದು ನನ್ನ ಅನಿಸಿಕೆ: ಬಾಯಿ ಬಿಟ್ಟು ಹೇಳುವವರು ಮತ್ತು ಕೈ ಎತ್ತಿ ಹೇಳುವವರು. ನಾನು ಎರಡನೆಯ ಪಂಗಡದವನು. ಬಾಯಿಂದ ಸುಳ್ಳು ಹೊರಡಿಸಬೇಕೆಂದರೆ ಈಗಲೂ ನನ್ನ ನಾಲಿಗೆ ತಡವರಿಸುತ್ತದೆ, ಕೈಗೆ ಮಾತ್ರ ಅಂಥ ಸಂಕೋಚವಿಲ್ಲ. ಇದರ ಪಾಪದಲ್ಲಿ ಅರ್ಧ ನನ್ನ ನೌಕರಿಗೆ ಸೇರಬೇಕು. ಧಾರವಾಡದಿಂದ ವರ್ಗವಾಗಿ ಬಂದು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯ ಆಡಳಿತ ವಿಭಾಗದಲ್ಲಿ ಕೂತಿದ್ದೇನೆ. ದಿನವೂ ಸುತ್ತೋಲೆಗಳು ಮೇಜಿನಿಂದ ಮೇಜಿಗೆ ತೇಲುತ್ತಾ ಬರುತ್ತವೆ. 'ನೋಡಿದೆ' ಎಂಬ ಕಡೆ ಎಲ್ಲರೂ ಸಹಿ ಹಾಕಬೇಕು. ನಿಜವಾಗಿಯೂ ನೋಡುತ್ತಾ ಕೂತರೆ ಊಟದ ಹೊತ್ತು ಮೀರುತ್ತದೆ. ನನಗಿಂತ ಮೊದಲಿನವರು ಹಾಕಿದ್ದಾರೆಂದರೆ ನಾನೂ ಹಾಕುತ್ತೇನೆ. ಸುತ್ತೋಲೆಗಳನ್ನು ಓದದೆ ಸಹಿ ಹಾಕಬಾರದು ಎಂಬ ಸುತ್ತೋಲೆಗೂ ಓದದೆಯೇ ಸಹಿ ಹಾಕಿದ ಕೀರ್ತಿ ನನ್ನದು.

ಕೊರೊನಾ ಕಾಲದಲ್ಲಿ ಈ ಗುಣ ಕಚೇರಿ ದಾಟಿ ಗದ್ದೆಗೂ ಇಳಿಯಿತು. ಶಾಲೆ ಮುಚ್ಚಿತ್ತು. ಹನ್ನೊಂದು ವರ್ಷದ ನಮ್ಮ ಮಗಳು ಅಕ್ಕು ಶ್ರೀಕಾರ್ಯಂ ಬಡಾವಣೆಯ ನಮ್ಮ ಬಾಡಿಗೆ ಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಪಾಠ ಕೇಳುತ್ತಾ, ಪಾಠ ಮುಗಿದ ಮೇಲೂ ಅದನ್ನೇ ಹಿಡಿದು ಕೂತಿರುತ್ತಿದ್ದಳು. ಒಂದು ದಿನ ಹೆಂಡತಿ ತಾಳ್ಮೆಗೆಟ್ಟು, "ಆ ಹುಡುಗೀನ ಎಲ್ಲೆರ ಬಯಲಾಗ ಕರಕೊಂಡ ಹೋಗ್ರಿ. ಕೂಸು ಬೆಳ್ಳಗ ಬಿಳಚಿಕೊಂಡೈತಿ, ನೀವು ನೋಡಿದ್ರ ದಪ್ಪ ಆಗಾಕತ್ತೀರಿ" ಎಂದಳು. ಮೊದಲನೆಯ ಮಾತು ಮಗಳ ಬಗ್ಗೆಯಾದರೂ ಎರಡನೆಯದು ನಾಟಿತು. ಪಕ್ಕದ ಬೀದಿಯ ಬೇಬಿ ಸಾರ್ ಭಾನುವಾರಗಳಂದು ಕೆಲವರನ್ನು ಪುಂಚಕ್ಕರಿಯ ಗದ್ದೆಗಳಿಗೆ ಹಕ್ಕಿ ನೋಡಲು ಕರೆದೊಯ್ಯುತ್ತಾರೆಂದು ಕೇಳಿದ್ದೆ. ನಾವಿಬ್ಬರೂ ಸೇರಿಕೊಂಡೆವು.

ಬೇಬಿ ಎಂದೊಡನೆ ತೊಟ್ಟಿಲು ನೆನೆಯಬೇಡಿ. ಕೇರಳದಲ್ಲಿ ಆ ಹೆಸರಿನವರು ಆರಡಿ ಎತ್ತರ, ಪೊದೆ ಮೀಸೆ ಇಟ್ಟುಕೊಂಡು ಅರವತ್ತು ದಾಟಿರಲು ಯಾವ ಅಡ್ಡಿಯೂ ಇಲ್ಲ. ನಮ್ಮ ಬೇಬಿ ಸಾರ್ ಕೊಚ್ಚಿಯ ವಲ್ಲಾರ್ಪಾಡಂನಲ್ಲಿ ಹಡಗಿನ ಕಂಟೇನರುಗಳನ್ನು ಎಣಿಸಿ ನಿವೃತ್ತರಾದವರು. ಲೆಕ್ಕದಲ್ಲಿ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರಂತೆ. ಈಗ ಅದೇ ನಿಷ್ಠೆ ಹಕ್ಕಿಗಳ ಮೇಲೆ. ಅಂತರ ಕಾಯುವುದರಲ್ಲೂ ಅವರು ಅಷ್ಟೇ ಕಟ್ಟುನಿಟ್ಟು. ಆಗ ಇಲ್ಲಿ ಎಲ್ಲರೂ ಕೊಡೆ ಬಿಚ್ಚಿ ನಡೆಯಿರಿ, ಕೊಡೆಗೆ ಕೊಡೆ ತಾಗದಿದ್ದರೆ ಅಂತರ ತಾನಾಗಿ ಉಳಿಯುತ್ತದೆ ಎಂಬ ಉಪಾಯ ಹೊರಟಿತ್ತು. ಬೇಬಿ ಸಾರ್ ಅದನ್ನು ಪಕ್ಷಿವೀಕ್ಷಣೆಗೂ ತಂದರು.

ಆದ್ದರಿಂದ ಕಿರಿದಾದ ಗದ್ದೆ ಬದುವಿನ ಮೇಲೆ ಏಳು ಬಿಚ್ಚಿದ ಕೊಡೆಗಳು ಸಾಲಾಗಿ ಹೊರಡುತ್ತಿದ್ದವು. ಆ ಮೆರವಣಿಗೆ ಕಂಡು ಹಾರಿಹೋಗದ ಹಕ್ಕಿಗೆ ಬಹುಶಃ ಆರೋಗ್ಯ ಸರಿಯಿರುತ್ತಿರಲಿಲ್ಲ. ಮೊದಲ ಕೊಡೆ ಬೇಬಿ ಸಾರ್ ಅವರದು, ಆರನೆಯದು ಅಕ್ಕುವಿನ ಹಳದಿ ಕೊಡೆ, ಏಳನೆಯದು ನನ್ನದು. ಮುಂದೆ ಹಕ್ಕಿ ಕಂಡರೆ ಸುದ್ದಿ ಮಾಸ್ಕಿನೊಳಗಿನಿಂದ ಪಿಸುಗುಡುತ್ತಾ ಕೊಡೆಯಿಂದ ಕೊಡೆಗೆ ಹಿಂದೆ ಬರುತ್ತಿತ್ತು. ಅಕ್ಕು ತಿರುಗಿ, "ಅಪ್ಪಾ, ಮಿಂಚುಳ್ಳಿ," ಎನ್ನುವಳು. ನಾನು ಕೊಡೆಯನ್ನು ಕತ್ತಿಗೆ ಒತ್ತಿ ಹಿಡಿದು ದುರ್ಬೀನು ಎತ್ತುವಷ್ಟರಲ್ಲಿ, "ಪೋಯಿ," ಎಂದು ಮಲಯಾಳದಲ್ಲಿ ಮುಗಿಸುವಳು. ಹೋಯಿತು! ನನಗೆ ದಕ್ಕುತ್ತಿದ್ದದ್ದು ಅಲುಗಾಡುವ ರೆಂಬೆ ಮಾತ್ರ. ಮನೆಗೆ ಇದ್ದ ಒಂದೇ ದುರ್ಬೀನು ನನ್ನ ಕೊರಳಲ್ಲೇ ಇರುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮಗು ಬೀಳಿಸೀತು ಎಂದು ಕೊಡುತ್ತಿರಲಿಲ್ಲ.

ನಡಿಗೆ ಮುಗಿದ ಮೇಲೆ ಮರದ ಕೆಳಗೆ ಕೊಡೆಗಳು ದುಂಡಗೆ ನಿಲ್ಲುತ್ತಿದ್ದವು. ಬೇಬಿ ಸಾರ್ ತಮ್ಮ ಪುಸ್ತಕದಿಂದ ಒಂದೊಂದೇ ಹಕ್ಕಿಯ ಹೆಸರು ಓದುವರು. ಕಂಡವರು ಕೈ ಎತ್ತಬೇಕು, ಅವರು ಎಣಿಸಿ ಬರೆದುಕೊಳ್ಳುವರು. ಮೊದಲ ಭಾನುವಾರ ಮೊದಲ ಹೆಸರಿಗೆ ಐದು ಕೈ ಎದ್ದವು. ನನ್ನದೂ ಎದ್ದಿತು. ನಾನು ಎತ್ತಲಿಲ್ಲ ಮಾರಾಯರೇ, ಅದೇ ಎದ್ದಿತು! ಮುಂದೆ ಮೂವತ್ತೊಂದು ಹಕ್ಕಿಗಳಿಗೂ ಹಾಗೆಯೇ ಎದ್ದಿತು. ಅಕ್ಕು ಎತ್ತಿದ್ದು ನಾಲ್ಕಕ್ಕೆ. ಅವಳ ನೋಟ್‌ಬುಕ್ಕಿನಲ್ಲಿ ಕಾಗೆ, ಬೆಳ್ಳಕ್ಕಿ, ಮೈನಾ, ಕೆಂಬೂತ ಎಂದು ಬರೆದು, ಕೆಳಗೆ 'ಒಂದು ಎಮ್ಮೆ, ಹಕ್ಕಿ ಅಲ್ಲ' ಎಂದೂ ಸೇರಿಸಿದ್ದಳು.

ಮನೆಗೆ ಬಂದ ಮೇಲೆ ಕೇಳಿದಳು, "ಅಪ್ಪಾ, ನಿನ್ನ ಮುಂದ ನಾನ ಇದ್ನೆಲ್ಲಾ? ನನಗ ಕಾಣಲಾರದ್ದು ನಿನಗ ಹೆಂಗ ಕಂಡ್ತು?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಸಿಗುತ್ತಿರಲಿಲ್ಲ. ನಾನು, "ನೋಡಿ ನೋಡಿ ಕಣ್ಣು ಪಳಗಬೇಕವಾ," ಎಂದೆ. ಅವಳು ನಂಬಿದಳು. ಮುಂದಿನ ಎರಡು ಭಾನುವಾರ ಆ ಹುಡುಗಿ ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಕೊಡೆ ವಾಲಿಸಿ, ತುದಿಗಾಲಲ್ಲಿ ನಿಂತು ಕಣ್ಣು ಪಳಗಿಸಿದಳು. ಒಮ್ಮೆ ಬದುವಿನಿಂದ ಜಾರಿ ಮೊಣಕಾಲವರೆಗೆ ಕೆಸರಾದಳು. ನಾಲ್ಕು ಏಳಾಯಿತು. ಮೂವತ್ತು ಆಗಲಿಲ್ಲ. ಮೂರನೆಯ ವಾರ ಅವಳಮ್ಮನ ಬಳಿ ಹೋಗಿ, "ಅಮ್ಮಾ, ನನ್ನ ಕಣ್ಣ ಸರಿ ಇಲ್ಲ. ಚಶ್ಮಾ ಹಾಕಸ್ರಿ," ಎಂದು ಅತ್ತಳು.

ಸುಮ್ಮನೆ ಮನೆಯಿಂದ ಹೊರಬೀಳಲೇ ಜನ ಹೆದರುತ್ತಿದ್ದ ಆ ದಿನಗಳಲ್ಲಿ ನಾವು ಮೂವರೂ ಕಣ್ಣಿನ ಡಾಕ್ಟರ ಬಳಿ ಹೋದೆವು. ಅಕ್ಕು ಗೋಡೆಯ ಹಲಗೆಯ ಅಕ್ಷರಗಳನ್ನೆಲ್ಲ ಪಟಪಟನೆ ಓದಿದಳು. ಕೊನೆಯ ಸಾಲು ಮುಗಿದ ಮೇಲೂ ನಿಲ್ಲಿಸದೆ ಅಂಚಿನಲ್ಲಿ ಸಣ್ಣಗೆ ಅಚ್ಚಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿಬಿಟ್ಟಳು. ಡಾಕ್ಟರು ನಕ್ಕು, ಇಷ್ಟು ಒಳ್ಳೆಯ ಕಣ್ಣು ತಮಗೂ ಇಲ್ಲ, ಕಾಣುವುದಿಲ್ಲವೆಂದು ಇವಳಿಗೆ ಯಾಕೆ ಅನ್ನಿಸಿತು ಎಂದು ಕೇಳಿದರು. ಅಕ್ಕು ನನ್ನತ್ತ ಒಮ್ಮೆ ನೋಡಿ, ಮತ್ತೆ ಆ ಹಲಗೆಯತ್ತ ನೋಡಿದಳು. ಹೆಂಡತಿಯಂತೂ ನನ್ನಿಂದ ಕಣ್ಣು ಕೀಳಲೇ ಇಲ್ಲ. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ನನ್ನ ಮುಖದಲ್ಲಿ ಏನೇನು ಅಚ್ಚಾಗಿದೆಯೋ ಅವಳು ಎಂದೋ ಓದಿ ಮುಗಿಸಿದ್ದಾಳೆ. ಹೊರಗೆ ಬಂದ ಮೇಲೆ, "ಆ ಕೂಸಿಗೆ ಖರೇ ಹೇಳ್ರಿ," ಎಂದಷ್ಟೇ ಅಂದಳು. ಹೇಳುತ್ತೇನೆ ಎಂದೆ. ಸೋಮವಾರ ಹೇಳೋಣವೆಂದುಕೊಂಡೆ, ಆಮೇಲೆ ಗುರುವಾರ ಅಂದುಕೊಂಡೆ, ಅಷ್ಟರಲ್ಲಿ ಭಾನುವಾರವೇ ಬಂತು.

ಆ ಭಾನುವಾರವೂ ಕೊಡೆಗಳು ದುಂಡಗೆ ನಿಂತವು, ಬೇಬಿ ಸಾರ್ ಓದತೊಡಗಿದರು. ಪುಟ ತಿರುಗಿಸುವ ಮುನ್ನ ಪ್ರತಿಸಲವೂ ಬೆರಳಿಗೆ ಸ್ಯಾನಿಟೈಸರ್ ಸವರಿಕೊಳ್ಳುವುದು ಅವರ ಪದ್ಧತಿ. ಆ ಒದ್ದೆಗೆ ಎರಡು ಹಾಳೆಗಳು ಒಟ್ಟಿಗೆ ಮಗುಚಿ, ಪುಸ್ತಕದ ಕೊನೆಗೆ, ಹಿಂದೆ ಯಾವಾಗಲೋ ಬೆಟ್ಟದ ಕಾಡಿಗೆ ಹೋದಾಗ ಮಾಡಿದ್ದ ಪಟ್ಟಿ ತೆರೆದುಕೊಂಡಿತು. ಅವರು ಗಮನಿಸದೆ, "ಗ್ರೇಟ್ ಹಾರ್ನ್‌ಬಿಲ್," ಎಂದು ಓದಿದರು. ನನ್ನ ಕೈ ಎದ್ದಿತು.

ಗ್ರೇಟ್ ಹಾರ್ನ್‌ಬಿಲ್ ಎಂದರೆ ನಮ್ಮ ಮಂಗಟ್ಟೆ ಹಕ್ಕಿ, ಕೊಕ್ಕಿನ ಮೇಲೊಂದು ಕೊಕ್ಕು ಹೊತ್ತಂತೆ ಕಾಣುವ ದೈತ್ಯ. ದಟ್ಟ ಕಾಡು ಬಿಟ್ಟು ಕದಲುವಂಥದ್ದಲ್ಲ. ಕೇರಳದ ರಾಜ್ಯಪಕ್ಷಿಯೇ ಅದು, ಇಲ್ಲಿ ಒಂದನೆಯ ತರಗತಿಯ ಮಕ್ಕಳಿಗೂ ಗೊತ್ತು. ಅದೇನಾದರೂ ಪುಂಚಕ್ಕರಿಯ ಗದ್ದೆಗೆ ಬಂದಿದ್ದರೆ ಮರುದಿನದ ಪೇಪರಿನಲ್ಲಿ ಬರುತ್ತಿತ್ತು. ಬೇಬಿ ಸಾರ್ ತಮ್ಮ ತಪ್ಪಿನ ಅರಿವಾಗಿ ತಲೆ ಎತ್ತಿದರು. ಐದು ಕೊಡೆಗಳ ಕೆಳಗೆ ಐದು ಜೊತೆ ಕಣ್ಣುಗಳು ನನ್ನ ಕೈಯನ್ನು ನೋಡಿದವು. ಇಳಿಸೋಣವೆಂದರೆ ಈ ಸಲ ಅದು ಇಳಿಯಲೂ ಒಲ್ಲದು. ಯಾರೂ ನಗಲಿಲ್ಲ, ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೇಬಿ ಸಾರ್ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುಗಿಸತೊಡಗಿದರು. ಅಷ್ಟು ದಿನದ ಲೆಕ್ಕವನ್ನೆಲ್ಲ ಮೊದಲಿನಿಂದ ಎಣಿಸಬೇಕೆಂದು ಅವರಿಗೆ ಹೊಳೆದಿರಬೇಕು.

ಆಗ ಹಳದಿ ಕೊಡೆಯ ಕೆಳಗಿನಿಂದ ಒಂದು ಸಣ್ಣ ಕೈ ಮೇಲೆದ್ದಿತು.

"ಞಾನುಂ ಕಂಡು," ಎಂದಳು ಅಕ್ಕು. ನಾನೂ ನೋಡಿದೆ.

ನಾಲ್ಕು ವಾರ ತಾನು ಕಾಣದ ಒಂದು ಗುಬ್ಬಿಗೂ ಕೈ ಎತ್ತದಿದ್ದ ಹುಡುಗಿ. ಬೇಬಿ ಸಾರ್ ಅವಳನ್ನು ದೀರ್ಘವಾಗಿ ನೋಡಿದರು. "ಶರಿ ಮೋಳೇ," ಸರಿ ಮಗಳೇ, ಎಂದು ಮೆಲ್ಲಗೆ ಹೇಳಿ ಪುಸ್ತಕ ಮುಚ್ಚಿದರು. ಅಂದು ಮುಂದಿನ ಹೆಸರು ಓದಲಿಲ್ಲ.

ಸ್ಕೂಟರಿನಲ್ಲಿ ಅರ್ಧ ದಾರಿ ಬಂದ ಮೇಲೆ ನಾನೇ, ಗಾಳಿಗೆ ಕೇಳಿಸದಿದ್ದರೆ ಇನ್ನೂ ಒಳ್ಳೆಯದು ಎಂಬ ದನಿಯಲ್ಲಿ, "ಅಕ್ಕು, ಆ ಹಕ್ಕಿ ನಾ ನೋಡಿಲ್ಲವಾ," ಎಂದೆ.

"ಗೊತ್ತೈತಿ. ನೀ ಯಾವದೂ ನೋಡಿಲ್ಲ. ಡಾಕ್ಟರ ಕಡೆ ಹೋದಾಗನ ನನಗ ಗೊತ್ತಾತು."

"ಮತ್ತ ನೀ ಯಾಕ ಕೈ ಎತ್ತಿದಿ?"

"ನೀ ಒಬ್ಬನ ಎತ್ತಿದ್ದೆಲ್ಲಾ ಅಪ್ಪಾ. ನಿನ್ನ ಜೋಡಿ ಯಾರೂ ಇರಲಿಲ್ಲ."

ಗಾಡಿ ಓಡಿಸುವವನು ಆಗಾಗ ಕನ್ನಡಿಯಲ್ಲಿ ಹಿಂದೆ ನೋಡಿಕೊಳ್ಳಬೇಕು. ನನ್ನ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಶ್ರೀಕಾರ್ಯಂ ಬರುವವರೆಗೆ ನಾನು ಒಮ್ಮೆಯೂ ಅತ್ತ ನೋಡಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಲೇ ಇದ್ದರು, ದಾರಿ ಬಿಡಬೇಕೆಂದು ನನಗೆ ಹೊಳೆಯಲೇ ಇಲ್ಲ.