ಪೆನ್ಸಿಲಣ್ಣನ ಬೀರು

ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಒಂದು ಬೀರಿನ ನಕ್ಷೆ ಮಾಡಿ ತೋರಿಸದಿದ್ದರೆ ಪೆನ್ಸಿಲಣ್ಣನ ಕೆಲಸ ಹೋಗುತ್ತಿತ್ತು. "ಕೈನಕ್ಷೆ ಕಾಲ ಮುಗೀತು. ನೀವೇ ಕಲಿತ್ಕೊಳ್ಳಿ, ಇಲ್ಲಾಂದ್ರೆ ಜಾಗ ಖಾಲಿ ಮಾಡಿ" ಎಂದು ಮರಗೆಲಸದ ಕಾರ್ಖಾನೆಯ ಯಜಮಾನರು ತಿಂಗಳ ಹಿಂದೆಯೇ ಗಡುವು ಕೊಟ್ಟಿದ್ದರು. ಇಪ್ಪತ್ತಾರು ವರ್ಷ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ನಕ್ಷೆ ಬರೆದೇ ಬದುಕಿದವನನ್ನು ಈ ವಯಸ್ಸಿನಲ್ಲಿ ಇನ್ಯಾರು ಕರೆದಾರು? ತಿಂಗಳಿಡೀ ಮಗಳ ಫೋನಿನಲ್ಲಿ ಪಾಠದ ವಿಡಿಯೊ ನೋಡಿದ. ಪಾಠದವನು "ತುಂಬಾ ಸುಲಭ" ಎಂದಾಗಲೆಲ್ಲ ಇವನ ಎದೆ ಧಸಕ್ಕೆನ್ನುತ್ತಿತ್ತು.

ಆದರೂ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಪರದೆಯ ಮೇಲೆ ಬೀರು ನಿಂತಿತು. ಎರಡು ಬಾಗಿಲು, ನಾಲ್ಕು ಕಾಲು, ಹಿಡಿಕೆ ಸಮೇತ. ಪೆನ್ಸಿಲಣ್ಣನ ಕಣ್ಣು ತುಂಬಿ ಬಂತು.

"ಒಂಚೂರು ತಿರುಗ್ಸಿ, ಪಕ್ಕದಿಂದ ಹೇಗಿದೆ ನೋಡೋಣ" ಎಂದ, ಬೆನ್ನ ಹಿಂದೆ ಬಂದು ನಿಂತ ಪಾಲಿಶ್‌ನವನು.

ತಿರುಗಿಸಿದ. ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಬೀರು ದಿಕ್ಕಾಪಾಲಾಯಿತು. ಬಾಗಿಲು ಒಂದು ಕಡೆ, ಕಾಲುಗಳು ಹತ್ತಡಿ ಹಿಂದೆ, ಹಿಡಿಕೆಗಳು ಗಾಳಿಯಲ್ಲಿ. ಕಾಗದದ ಅಭ್ಯಾಸ ನೋಡಿ, ಎಲ್ಲವನ್ನೂ ಎದುರಿನಿಂದ ಮಾತ್ರ ನೋಡಿ ಜೋಡಿಸಿದ್ದ. ಪರದೆಯೊಳಗೂ ಹಿಂದುಮುಂದು ಇದೆಯೆಂಬುದು ಪಾಪ ಅವನಿಗೆ ಹೊಳೆದೇ ಇರಲಿಲ್ಲ.

"ಎಲ್ಲಾನೂ ಒಟ್ಟಿಗೆ ಹಿಡ್ದು ಎಳೀರಿ" ಎಂದ ಪಾಲಿಶ್‌ನವನು.

"ಬೇಡ, ಆಫ್ ಮಾಡಿ ಆನ್ ಮಾಡಿ. ನಮ್ಮನೆ ಟೀವಿ ಹಾಗೇ ಸರಿಹೋಗತ್ತೆ" ಎನ್ನುತ್ತ ಆಫೀಸಿನಲ್ಲಿ ಫೋನ್ ಎತ್ತುವ ಅಕ್ಕ ಬಂದು ತಾನೇ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. "ಸೇವ್ ಮಾಡಿದ್ರಿ ತಾನೆ?"

ಮಾಡಿರಲಿಲ್ಲ. ಸೇವ್ ಮಾಡುವುದು ಎಂಟನೇ ಪಾಠ. ಪೆನ್ಸಿಲಣ್ಣ ಏಳರವರೆಗೆ ಮಾತ್ರ ಬಂದಿದ್ದ.

ಗಂಟೆ ನಾಲ್ಕು. "ನೀವು ಕಲಿತೇ ಕಲೀತೀರ ಅಪ್ಪಾ" ಎಂದು ಬೆಳಿಗ್ಗೆ ಮಗಳು ಹೇಳಿದ್ದು ನೆನಪಾಯಿತು. ಬೇರೆ ದಾರಿ ಕಾಣದೆ ಕಾಗದ ಎಳೆದುಕೊಂಡ. ಮುಕ್ಕಾಲು ಗಂಟೆಯಲ್ಲಿ ಅದೇ ಬೀರನ್ನು ಮೂರು ಬದಿಯಿಂದ ಬರೆದ, ನೆರಳು, ಮರದ ಎಳೆ ಸಮೇತ. ಅಕ್ಕ ತಾನು ಮಾಡಿದ ಅನಾಹುತಕ್ಕೆ ಪ್ರಾಯಶ್ಚಿತ್ತವೆಂಬಂತೆ ಮೂರರ ಫೋಟೊನೂ ಹೊಡೆದು, ಗುಂಡಿ ಒತ್ತಿದರೆ ಒಂದರ ಹಿಂದೊಂದು ಬಂದು ಬೀರು ತಿರುಗಿದಂತೆ ಕಾಣುವ ಹಾಗೆ ಕಂಪ್ಯೂಟರಿಗೆ ಹಾಕಿಕೊಟ್ಟಳು.

ಐದಕ್ಕೆ ಯಜಮಾನರು ಬಂದರು. ಪೆನ್ಸಿಲಣ್ಣ ಗುಂಡಿ ಒತ್ತಿದ. ಬೀರು ತಿರುಗಿತು.

"ಆಹಾ! ಎಷ್ಟು ಹೊತ್ತು ಹಿಡೀತು?"

"ಮುಕ್ಕಾಲು ಗಂಟೆ ಸಾರ್." ಅದೊಂದು ಮಾತ್ರ ನಿಜ.

ಯಜಮಾನರು ಅಕ್ಕನನ್ನು ಕರೆದರು. "ನೀವೊಂದ್ಸಲ ಒತ್ತಿ." ಒತ್ತಿದಳು. ಬೀರು ತಿರುಗಿತು. "ನೋಡಿದ್ರಾ? ಯಾರು ಒತ್ತಿದ್ರೂ ಆಗತ್ತೆ! ಎಲ್ಲಾ ಕಂಪ್ಯೂಟರೇ ಮಾಡತ್ತೆ ಅಂದ್ಮೇಲೆ ನಕ್ಷೆಗೇ ಅಂತ ಒಬ್ರು ಯಾಕೆ? ಬೇಜಾರು ಮಾಡ್ಕೋಬೇಡಿ ಪೆನ್ಸಿಲಣ್ಣ, ನಾಳೆಯಿಂದ ನೀವು..."

"ಸಾರ್, ಅದು ಕಂಪ್ಯೂಟರ್ ಮಾಡಿದ್ದಲ್ಲ! ನಾನೇ, ಈ ಕೈಯಲ್ಲೇ ಬರೆದಿದ್ದು!" ಪೆನ್ಸಿಲಣ್ಣ ಕಾಗದಗಳನ್ನು ಮುಂದೆ ಹಿಡಿದ.

ಯಜಮಾನರು ಕಾಗದ ನೋಡಿದರು, ಪರದೆ ನೋಡಿದರು. ಮುಖ ಗಂಟಿಕ್ಕಿತು.

"ಅಂದ್ರೆ, ನೀವು ಕಂಪ್ಯೂಟರ್ ಕಲೀಲೇ ಇಲ್ಲ?"

ಪೆನ್ಸಿಲಣ್ಣ ಚೀಲ ಹೆಗಲಿಗೇರಿಸಿ, ಕಾಗದಗಳನ್ನು ಮಡಚತೊಡಗಿದ.

"ಅದನ್ನ ಮಡಚ್ಬೇಡಿ, ಇಟ್ಟು ಹೋಗಿ" ಎಂದರು ಯಜಮಾನರು. "ಗಿರಾಕಿಗೆ ತೋರಿಸ್ಬೇಕು. ತುಂಬಾ ಚೆನ್ನಾಗಿ ಬಂದಿದೆ."