ಬೀಸಣಿಗೆ ಹುಳು

ಕ್ಷೌರಿಕನ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಅಂದು ಬೆಳಿಗ್ಗೆ ಬೀಸಣಿಗೆ ಹುಳುವಿನ ಗರಿಗಳೆಲ್ಲ ಉದುರಿ ಬಿದ್ದಿದ್ದವು. ಮೈಯನ್ನು ಕೊಳವೆಯೊಳಗೆ ಅಡಗಿಸಿ, ಕೆಂಪು ಗರಿಗಳನ್ನು ಬೀಸಣಿಗೆಯಂತೆ ಹೊರಗೆ ಬಿಚ್ಚಿಕೊಂಡು ಕೂರುವ ಸಮುದ್ರದ ಹುಳು ಅದು. ಈಗ ಗರಿಗಳು ಅಂಗಡಿಯ ನೆಲದ ಮೇಲಿನ ಕೂದಲಿನಂತೆ ಮರಳಿನ ಮೇಲೆ ಬಿದ್ದಿದ್ದವು. ಹಿಂದಿನ ದಿನ ನೀರು ಬದಲಿಸುವಾಗ ಅವನ ಮೊಣಕೈ ಕೊಳವೆಗೆ ತಗುಲಿತ್ತು, ಅಷ್ಟೇ.

ತೊಟ್ಟಿ ಹೆಂಡತಿಯದು. ಸಾಯುವ ಮುಂಚೆ ಆಸ್ಪತ್ರೆಯ ಮಂಚದಿಂದ ಅವಳು ಕೇಳಿದ್ದು ಒಂದೇ ಮಾತು: "ನನ್ನ ಹುಳೂನ ನೋಡ್ಕೋತೀರಲ್ವಾ?" ಪುಣ್ಯಾತ್ಗಿತ್ತಿ, ಮಗಳ ಬಗ್ಗೆ ಕೂಡ ಕೇಳಿರಲಿಲ್ಲ. ಹುಳು ಸತ್ತೇ ಹೋಯಿತೆಂದು ಅವನು ಅಕ್ಕಪಕ್ಕದವರನ್ನು ಕೂಗಿದ.

ಮೊದಲು ಬಂದವರು ಕೆಳಮನೆಯ ಮೇಷ್ಟ್ರು. ಸತ್ತ ಹುಳು ನೀರಲ್ಲಿ ಕೊಳೆತರೆ ಮೀನುಗಳೂ ಸಂಜೆಯೊಳಗೆ ಹಿಂದೆಯೇ ಹೊರಡುತ್ತವೆ ಎಂದು ಪಾಠ ಮಾಡಿದರು. ಜೀವಮಾನವಿಡೀ ಅವರು ಕಲಿಸಿದ್ದು ಲೆಕ್ಕ. ಮಗಳನ್ನು ಕೇಳೋಣವೆಂದು ಇವನು ಫೋನ್ ಎತ್ತಿದರೆ, ಹಿಂದೆಯೇ ಬಂದ ಅವನ ಅಕ್ಕ ಕೈ ಹಿಡಿದಳು. "ಕೆಲಸದ ಹೊತ್ತಲ್ಲಿ ಆ ಮಗೂನ ಯಾಕೋ ಅಳಿಸ್ತೀಯ?"

ಸರಿ, ಕೊಳವೆಯನ್ನು ಕಿತ್ತು ಹೆಂಡತಿಯ ಹೂಕುಂಡದಲ್ಲೇ ಹೂತದ್ದಾಯಿತು. ಪಾಪ, ನೀರಲ್ಲಿದ್ದ ಜೀವ ಎಂದು ಅಕ್ಕ ಅದರ ಮೇಲೆ ಒಂದು ಚೊಂಬು ನಲ್ಲಿ ನೀರನ್ನೂ ಹೊಯ್ದಳು. ಮೇಷ್ಟ್ರು ಕನ್ನಡಕ ತೆಗೆದು ನಿಂತರು.

ಅಂಗಡಿಯಲ್ಲಿ ಅವನ ಕಣ್ಣು ಮಂಜಾಗಿ ಕತ್ತರಿ ದಾರಿ ತಪ್ಪಿತು. ಗಿರಾಕಿಯೊಬ್ಬ ಕನ್ನಡಿ ನೋಡಿ ತಲೆ ಹಿಡಿದುಕೊಂಡ. ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಕ್ಷೌರಿಕ ಅವನಿಗೂ ಹೇಳಿದ: "ಬೆಳೆಯುತ್ತೆ ಬಿಡಿ, ಸ್ವಾಮಿ." ಗಿರಾಕಿ ಗೊಣಗುತ್ತಾ ಹೋದ.

ಸಂಜೆ ಮಗಳೇ ಫೋನ್ ಮಾಡಿದಳು. ಗರಿ ಉದುರಿದ್ದನ್ನು ಅವನು ತಡವರಿಸುತ್ತಾ ಹೇಳಿದ. ಹೂತದ್ದನ್ನು ಹೇಳಲು ಬಾಯಿ ಬರಲಿಲ್ಲ. ಅವಳು ನಕ್ಕುಬಿಟ್ಟಳು.

"ಅಷ್ಟೇನಾ ಅಪ್ಪ? ಗಾಬರಿಯಾದ್ರೆ ಅದು ಹಾಗೇ ಉದುರಿಸುತ್ತೆ. ಒಳಗೆ ಬದುಕಿರುತ್ತೆ. ಹೋದ ವರ್ಷವೂ ಹಾಗೇ ಆಗಿತ್ತು. ಅಮ್ಮ ಏನಂದ್ಲು ಗೊತ್ತಾ? ನಿಮ್ಮಪ್ಪನ ಗಿರಾಕಿ ತಲೆ ಥರ, ಬೆಳೆಯುತ್ತೆ ಬಿಡು ಅಂದ್ಲು."

ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ಹೂಕುಂಡದ ಬಳಿಗೆ ಓಡಿದ. ಬರಿಗೈಯಲ್ಲಿ ಮಣ್ಣು ಕೆದಕಿ, ಕೊಳವೆಯನ್ನು ತೆಗೆದು ಮೆಲ್ಲಗೆ ಬಿಡಿಸಿದ. ಹುಳು ಒಳಗೇ ಇತ್ತು. ಬೆಳಿಗ್ಗೆ ಸತ್ತಿರಲಿಲ್ಲ, ಈಗ ಸತ್ತಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಂಡದ ಪಕ್ಕದಲ್ಲೇ ಕೂತ.

"ಅಪ್ಪಾ, ಇದ್ದೀರಾ? ಅಮ್ಮನ ಹುಳು ಹುಷಾರಾಗಿದೆ ತಾನೇ?"

ಅವನು ಹುಳುವಿನ ಮೇಲಿನ ಮಣ್ಣನ್ನು ಬೆರಳಿನಿಂದ ಒರೆಸಿದ.

"ಬೆಳೆಯುತ್ತೆ ಬಿಡಮ್ಮ," ಎಂದ.