ಹಣತೆ ಒತ್ತಿದರೆ ಏನಾಗುತ್ತದೆ?

"ಹುಣಸೀಗಿಡ ಇತ್ತಲ್ರೀ, ಅಲ್ಲಿ ಎಡಕ್ಕ ಹೊಳ್ಳರಿ," ಎಂದ ಬೈರಿದೇವರಕೊಪ್ಪದ ಕಿರಾಣಿ ಅಂಗಡಿಯವ.

"ಗಿಡ ಈಗ ಐತೇನ್ರಿ?"

"ಏ, ಅದನ್ನ ಕಡದು ಭಾಳ ವರ್ಷಾತು. ಆದರ ಮೊದಲ ಇತ್ತಲ್ರೀ!"

ಇಂಥವು ನನಗೆ ಹೋದಲ್ಲಿ ಬಂದಲ್ಲಿ ಗಂಟು ಬೀಳುತ್ತವೆ. ಇಸ್ತಾಂಬುಲ್‌ನಲ್ಲಿ ದಾರಿ ತಪ್ಪಿದ್ದೇನೆ, ನೈರೋಬಿಯಲ್ಲಿ ತಪ್ಪಿದ್ದೇನೆ. ಅಲ್ಲಿಯವರು ನನಗೆ ತಿಳಿಯದ ಭಾಷೆಯಲ್ಲಿ ಇರುವ ಗಿಡವನ್ನು ತೋರಿಸಿದರು. ಹುಟ್ಟಿದೂರಿನವರು ಮಾತ್ರ ಚೆನ್ನಾಗಿ ತಿಳಿಯುವ ಭಾಷೆಯಲ್ಲಿ ಇಲ್ಲದ ಗಿಡವನ್ನು ತೋರಿಸುತ್ತಾರೆ.

ಸ್ಕೂಟರ್ ನಿಲ್ಲಿಸಿ, ಯಾರ ಮನೆಗೆ ಹೊರಟಿದ್ದೆನೋ ಆ ಚಾಚಾನಿಗೇ ಫೋನ್ ಮಾಡಿದೆ.

"ಬಾಯಾರ, ಸೀದಾ ಬರ್ರಿ. ಹಿಟ್ಟಿನ ಗಿರಣಿ ಸಪ್ಪಳ ಕೇಳಿಸ್ತಿದ್ದಂಗ ಬಲಕ್ಕ ಹೊಳ್ಳರಿ. ಮೂರನೇ ಮನಿ ನಮ್ಮದು."

ಸೀದಾ ಹೋದೆ. ಲೇಔಟ್ ಮುಗಿಯಿತು, ಹೊಲ ಬಂತು. ಸಪ್ಪಳವೇ ಇಲ್ಲ. ಮತ್ತೆ ಫೋನ್ ಮಾಡಿದೆ.

"ಓಹೋ, ಕರೆಂಟ್ ಹೋಗೇತಲ್ರೀ," ಎಂದರು ಚಾಚಾ. "ಹಂಗಾರ ಒಂದ್ ಕೆಲಸ ಮಾಡ್ರಿ. ಕರೆಂಟ್ ಬರೂತನಕ ಅಲ್ಲೇ ನಿಂದರ್ರಿ."

ಯಾರ ಮದುವಿ?

ಚಾಚಾ ಹುಬ್ಬಳ್ಳಿಯಲ್ಲಿ ಲಾರಿಗಳ ಡೀಸೆಲ್ ಪಂಪ್ ರಿಪೇರಿ ಮಾಡುತ್ತಿದ್ದವರು. ಕಣ್ಣಿನೊಳಗಿನ ಒತ್ತಡ ಏರಿ, ಮೊದಲು ಒಂದು, ಆಮೇಲೆ ಇನ್ನೊಂದು, ಎರಡೂ ಕಣ್ಣು ಹೋದವು. ಗ್ಯಾರೇಜು ಅಳಿಯನ ಕೈಗೆ ಬಂತು, ಚಾಚಾ ಮನೆಯ ಕಟ್ಟೆಗೆ ಬಂದರು.

ಅವರ ದೋಸ್ತರೆಲ್ಲ ಅದೇ ವಯಸ್ಸಿನವರು: ಡ್ರೈವರುಗಳು, ಟ್ರ್ಯಾಕ್ಟರ್ ಇಟ್ಟ ರೈತರು, ಬಿಡಿಭಾಗದ ಅಂಗಡಿಯವರು. ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಆದರೆ ಮನೆಯವರು ಒಂದು ನಿರ್ಧಾರ ಮಾಡಿದ್ದರು: ಕಣ್ಣಿಲ್ಲದ ಮನುಷ್ಯ, ಬಿಪಿ ಬೇರೆ, ಸಾವಿನ ಸುದ್ದಿ ಹೇಳೋದೇ ಬೇಡ.

ಒಂದು ಮಧ್ಯಾಹ್ನ ಯಾರೋ ಡಬ್ಬಿ ತುಂಬ ಬಿರಿಯಾನಿ ಕೊಟ್ಟು ಹೋದರು. ಚಾಚಾ ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆದುಕೊಂಡು, "ಭಾಳ ಛಲೋ ಮಾಡ್ಯಾರ. ಯಾರ ಮದುವಿ?" ಎಂದರು.

ಡಬ್ಬಿ ಒಯ್ಯಲು ಬಂದ ಹುಡುಗ ಹೇಳಿಬಿಟ್ಟ: ಅದು ಅವರ ಹತ್ತಿರದ ದೋಸ್ತನ ನಲವತ್ತನೇ ದಿನದ ಫಾತಿಹಾ ಊಟ.

"ಮಣ್ಣಿಗೆ ಹೋಗ್ಲಿಲ್ಲ, ಖರೇ," ಎಂದು ಚಾಚಾ ನನಗೆ ಹೇಳಿದರು. ನಮ್ಮ ಕಡೆ ಜಾತಿ ಯಾವುದೇ ಇರಲಿ, ಹೂಳುವ ಹೊತ್ತಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುವುದಕ್ಕೆ ಮಣ್ಣಿಗೆ ಹೋಗೋದು ಅಂತಾರೆ. ಮದುವೆ ತಪ್ಪಿಸಿಕೊಂಡವನನ್ನು ಕ್ಷಮಿಸುತ್ತಾರೆ, ಮಣ್ಣು ತಪ್ಪಿಸಿಕೊಂಡವನನ್ನಲ್ಲ. "ಮಣ್ಣಿಗೆ ಹೋಗ್ಲಿಲ್ಲ. ಅದು ಹೋಗ್ಲಿ ಅಂದ್ರ ಎರಡನೇ ಸಲ ಹಾಕಿಸ್ಕೊಂಡ್ನಲ್ರೀ!"

ಬಟನ್, ಬಟನ್, ಬಟನ್

ಆ ಊಟದ ಮರುದಿನವೇ ಚಾಚಾ ಅಳಿಯನ ಕೈಲಿ ಮೊಬೈಲಿನಲ್ಲಿ, ಊರಿಗೆ ಬಂದಾಗ ನಾನು ಕೆಲಸ ಮಾಡುವ ಪತ್ರಿಕೆಯ ಜಾಲತಾಣ ಹಾಕಿಸಿಕೊಂಡರು. ನಮ್ಮದು ಸಣ್ಣ ಪತ್ರಿಕೆ. ಆದರೆ ಸುತ್ತಿನ ಹಳ್ಳಿಗಳಲ್ಲಿ ಯಾರು ತೀರಿಕೊಂಡರೂ ಅವತ್ತೇ ನಿಧನ ಪುಟದಲ್ಲಿ ಬರುತ್ತದೆ. ಇನ್ನು ಮೇಲೆ ಯಾರನ್ನೂ ಕೇಳದೆ, ಯಾರ ಮಣ್ಣು, ಎಲ್ಲಿ, ಎಷ್ಟಕ್ಕೆ ಅಂತ ತಾವೇ ತಿಳಿದುಕೊಳ್ಳಬೇಕು. ಚಾಚಾನಿಗೆ ಬೇಕಾದದ್ದು ಅಷ್ಟೇ.

ಕಣ್ಣಿಲ್ಲದವರ ಮೊಬೈಲಿನಲ್ಲಿ ಬೆರಳ ಕೆಳಗೆ ಏನಿದೆಯೋ ಅದನ್ನು ಓದಿ ಹೇಳುವ ಒಂದು ದನಿ ಇರುತ್ತದೆ. ಅಕ್ಷರವಿದ್ದರೆ ಓದುತ್ತದೆ. ಸಣ್ಣ ಚಿತ್ರವಿದ್ದರೆ, ಅದರ ಹಿಂದೆ ಯಾರಾದರೂ ಹೆಸರು ಬರೆದಿಟ್ಟಿದ್ದರೆ ಮಾತ್ರ ಓದುತ್ತದೆ. ಇಲ್ಲದಿದ್ದರೆ ಬರೀ "ಬಟನ್" ಎನ್ನುತ್ತದೆ. ನಿಧನ ಪುಟಕ್ಕೆ ಹೋಗಲು ಮುಖಪುಟದಲ್ಲಿ ಒಂದು ಪುಟ್ಟ ಹಣತೆ. ಒಳಗೆ ಹೋದರೆ ಸಮಯಕ್ಕೆ ಗಡಿಯಾರ, ಜಾಗಕ್ಕೆ ನಕ್ಷೆಗೆ ಚುಚ್ಚುವ ಸೂಜಿ, ಮನೆಯವರಿಗೆ ಫೋನು, ಶ್ರದ್ಧಾಂಜಲಿಗೆ ಹೂವಿನ ಗುಚ್ಛ. ಒಂದಕ್ಕೂ ಹೆಸರಿಲ್ಲ. ಚಾಚಾ ಫೋನ್ ಮಾಡಿ ಬೈದರು. ಸಂಪಾದಕರು ಬೈಗುಳವನ್ನು ನನ್ನ ಕಡೆ ತಿರುಗಿಸಿದರು. ಯಾರ ಕಣ್ಣಿಗೂ ಕಾಣದ ಹೆಸರುಗಳನ್ನು ಬರೆಯುವ ಕೆಲಸ ನನಗೆ ಬಂದದ್ದು ಹೀಗೆ. ಗಿರಣಿಯ ಸಪ್ಪಳ ಹುಡುಕುತ್ತ ನಾನು ಹೊರಟದ್ದೂ ಅದಕ್ಕೇ.

ಕಟ್ಟೆಯ ಮೇಲೆ ಕೂತು ಚಾಚಾ ಬೆರಳಾಡಿಸಿದರು. "ಬಟನ್. ಬಟನ್. ಬಟನ್." ಒಂದು ಕಡೆ ಮಾತ್ರ ಆ ದನಿ, ಚಿತ್ರದ ಕಡತಕ್ಕೆ ಆಫೀಸಿನವರು ಕೊಟ್ಟಿದ್ದ ಹೆಸರನ್ನೇ ಗಂಭೀರವಾಗಿ ಓದಿತು: "ಐಕನ್ ನ್ಯೂ ಫೈನಲ್ ಕಾಪಿ."

ಚಾಚಾ ಬೆರಳೆತ್ತಿದರು. "ಇಂಥ ಹೆಸರಿನವ್ರು ನಮ್ಮ ದೋಸ್ತರಾಗ ಯಾರೂ ಇಲ್ರಿ. ಇರ್ಲಿ, ದೇವರು ಅವ್ರಿಗೂ ಶಾಂತಿ ಕೊಡ್ಲಿ."

ಸಂಪಾದಕರ ದುಃಖ

ಧಾರವಾಡದ ಸಂಪಾದಕರಿಗೆ ಭಾಷೆಯ ಮೇಲೆ ಬಹಳ ಪ್ರೀತಿ. "ಸಾವಿನ ಪುಟಾರಿ ಅದು. ನೀವು ಬರದ್ರ ಒಣಾ ಒಣಾ ಆಗತೈತಿ. ನಾ ಬರೀತೇನಿ," ಎಂದು ಒಂದು ಮಧ್ಯಾಹ್ನವೆಲ್ಲ ಕೂತು ತಾವೇ ಬರೆದರು. ಗಡಿಯಾರಕ್ಕೆ "ನಿಲ್ಲದ ಕಾಲ". ಸೂಜಿಗೆ "ಎಲ್ಲರೂ ಸೇರುವ ತಾಣ". ಫೋನಿಗೆ "ಇನ್ನು ಬಾರದ ದನಿ". ಹಣತೆಯ ಪಾಲಿಗಂತೂ ಎರಡು ಸಾಲು ಬಂದಿತ್ತು. ನಾನೇ ಅದನ್ನು ಎರಡು ಸಲ ಓದಿಕೊಂಡೆ.

ಚಾಚಾನ ಮನೆಗೆ ಹೋಗಿ ಕೇಳಿಸಿದೆ. ಮೊಬೈಲು, ಒಬ್ಬರಾದ ಮೇಲೆ ಒಬ್ಬರು ಸತ್ತವರಿಗೆಲ್ಲ ಅದೇ ಕವಿತೆಯನ್ನು ಅದೇ ದನಿಯಲ್ಲಿ ಹೇಳತೊಡಗಿತು. ಮೂರನೆಯವರಿಗೆ ಬರುವಷ್ಟರಲ್ಲಿ ಚಾಚಾನ ತಾಳ್ಮೆ ಮುಗಿಯಿತು.

"ಬಾಯಾರ, ಒತ್ತಿದ್ರ ಏನಾಗತೈತಿ ಅಂತ ಹೇಳವಲ್ಲರು. ಬರೇ ಅಳಾಕತ್ತಾರ."

ನಾನು ಎಲ್ಲ ಅಳಿಸಿ "ಮಣ್ಣಿನ ಸಮಯ", "ಮಣ್ಣಿನ ಜಾಗ", "ಮನೆಯವರಿಗೆ ಫೋನ್ ಮಾಡಿ" ಎಂದು ಬರೆದೆ. ಸಂಪಾದಕರ ಮುಖ ಸಣ್ಣದಾಯಿತು. "ಇದರಾಗ ಸಾಹಿತ್ಯ ಎಲ್ಲೈತ್ರಿ?"

"ಮಣ್ಣು ನಾಕಕ್ಕ ಐತ್ರಿ ಸರ. ಸಾಹಿತ್ಯ ಕೇಳಕೋಂತ ಕುಂತ್ರ ಐದಾಗತೈತಿ."

ಶುಭ ಕೋರಿ

ಒಳಗಿನ ಪುಟದಲ್ಲಿ ಹೂವಿನ ಗುಚ್ಛ ಒಂದು ಉಳಿದಿತ್ತು. ಆಫೀಸಿನ ಕಂಪ್ಯೂಟರಿನವನು, "ಅದಕ್ಕ ಆಗಲೇ ಹೆಸರ ಐತ್ರಿ ಮೇಡಂ, ನಾನ ಜೋಡಿಸೇನಿ, ಚಿಂತಿ ಬಿಡ್ರಿ," ಎಂದಿದ್ದ. ಅವನು ಅದನ್ನು ಮದುವೆ ಪುಟದಿಂದ ಎತ್ತಿ ಅನಾಮತ್ತಾಗಿ ಇಲ್ಲಿ ತಂದಿಟ್ಟಿದ್ದ. ಹೆಸರೂ ಅದರ ಜೊತೆಗೇ ಬಂದಿತ್ತು: "ಶುಭ ಕೋರಿ". ಒತ್ತಿದರೆ ಮನೆಯವರಿಗೆ ಹೋಗುವ ಸಂದೇಶವೂ ಅದೇ. ಪರೀಕ್ಷೆಗೆಂದು ನಾನೇ ಪುಟ ತೆಗೆದುಕೊಟ್ಟಿದ್ದೆ; ನಾನು ಅದನ್ನು ನೋಡುವ ಮೊದಲೇ ಚಾಚಾ ಒತ್ತಿಬಿಟ್ಟರು.

ಸತ್ತವರು ಎದುರಿನ ಗ್ಯಾರೇಜಿನ ಮಾಲೀಕರು. ಗಿರಾಕಿಗಳ ಸಲುವಾಗಿ ಜಗಳಾಡಿ, ಇಬ್ಬರೂ ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದರು. ಸಂಜೆ ಅವರ ಮಗನ ಫೋನ್ ಬಂತು.

"ಚಾಚಾ, ನಮ್ಮಪ್ಪ ಸತ್ತದ್ದಕ್ಕ ನೀವು ಶುಭ ಕೋರೀರಂತ ಬಂದೈತಿ."

ಚಾಚಾ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು. "ಮೊಬೈಲು ಅದೊಂದ ದಾರಿ ತೋರಿಸ್ತಪಾ. ನಿಮ್ಮಪ್ಪನ ಕೂಡ ಜಗಳಾಡೇನಿ, ಖರೇ. ಆದರ ಜಗಳಾಡಾಕ ಇನ್ನೊಬ್ಬನ್ನ ಎಲ್ಲಿಂದ ತರ್ಲಿ?"

ಆ ಕಡೆಯವನು ಅಳತೊಡಗಿದ. ಹಾಗೆ ಅಳುತ್ತಲೇ ಹೇಳಿದ: "ಇರ್ಲಿ ಚಾಚಾ. ಒಟ್ಟ ಹನ್ನೊಂದ ಮಂದಿ ಶುಭ ಕೋರ್ಯಾರ. ಉಳದವರೆಲ್ಲ ಕಣ್ಣಿದ್ದವರ."

ಚಾಚಿಯ ಅರ್ಜಿ

ಕೊನೆಗೆ ಉಳಿದದ್ದು ಮುಖಪುಟದ ಹಣತೆ. ಅದಕ್ಕೆ ಹೆಸರಿಟ್ಟರೆ ಚಾಚಾನಿಗೆ ಯಾರ ಸಹಾಯವೂ ಬೇಡ. ಇಡದಿದ್ದರೆ, ಒಳಗೆ ಎಷ್ಟೇ ಹೆಸರಿದ್ದರೂ ಅಲ್ಲಿಗೆ ಹೋಗಲು ಯಾರಾದರೂ ಬೆರಳು ಹಿಡಿದು ಒತ್ತಿಸಬೇಕು. ಯಾರು ಒತ್ತಿಸುತ್ತಾರೆ? ಮುಚ್ಚಿಡುವವರೇ.

ಅವತ್ತು ಚಾಚಿ ನನ್ನನ್ನು ಬಾಗಿಲಲ್ಲೇ ತಡೆದರು. "ಬೇಟಿ, ಎಲ್ಲಾಕ ಹೆಸರ ಹಾಕು. ಮಳಿ, ಮಾರ್ಕೆಟ್ಟು, ಕ್ರಿಕೆಟ್ಟು, ಏನ ಬೇಕಾದ್ದಕ್ಕ ಹಾಕು. ಅದೊಂದಕ್ಕ ಬ್ಯಾಡ."

"ನಾ ಹೆಸರ ಹಾಕಲಿಲ್ಲಂದ್ರ ಮಂದಿ ಸಾಯೋದು ಬಿಡ್ತಾರೇನ್ರಿ ಚಾಚಿ?"

"ಸಾಯವಲ್ರಾಕ. ದಿನಾ ಮುಂಜಾನೆ ನಮ್ಮ ಕಟ್ಟಿಮ್ಯಾಲ ಬಂದು ಸಾಯೂದು ಬ್ಯಾಡ." ಸೆರಗಿನಿಂದ ಮುಖ ಒರೆಸಿಕೊಂಡರು. "ನಿನಗೇನವಾ, ಕಾಲಾಗ ಗಾಲಿ ಅದಾವ. ನಾಳೆ ಇನ್ನೊಂದ ದೇಶಕ್ಕ ಹೊಂಟಬಿಡ್ತಿ. ಇಲ್ಲಿ ಅಳವ್ರು ಅವ್ರು, ಕೇಳಾಕಿ ನಾನು. ಅವ್ರು ಎದಿಮ್ಯಾಲ ಕೈ ಇಟ್ಕೊಂಡ್ರ ಸಾಕು, ನನ್ನ ಕೈಕಾಲು ತಣ್ಣಗಾಗ್ತಾವ."

ಆಕೆ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ನನ್ನ ಗಾಲಿಗಳನ್ನೂ ಸೇರಿಸಿ. ಇಬ್ಬರೂ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆವು. ಆಗ ಒಳಗಿನಿಂದ ಚಾಚಾನ ದನಿ ಬಂತು:

"ಚಾ ಆರಾಕತ್ತೈತಿ. ನನ್ನ ಹುಗಿಯೂದು ಮುಗದಿದ್ರ ಇಬ್ಬರೂ ಒಳಗ ಬರ್ರಿ."

ಮರುದಿನ ಹಣತೆಗೆ "ನಿಧನ ವಾರ್ತೆ" ಎಂದು ಹೆಸರು ಬರೆದೆ.

ಅಮ್ಮಿನಬಾವಿ

ಕೆಲಸ ಮುಗಿಯಿತು. ಪರೀಕ್ಷೆ ಮಾಡಿಕೊಟ್ಟ ಚಾಚಾನಿಗೆ ಪತ್ರಿಕೆಯಿಂದ ಬಿಡಿಗಾಸೂ ಬರಲಿಲ್ಲ. ನಾನೇ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡರು. "ರೊಕ್ಕ ಒಲ್ಲೆ. ಒಂದು ಮಣ್ಣಿಗೆ ಕರಕೊಂಡು ಹೋಗ್ರಿ. ಸಾಲ ಅಂತ ಇಟ್ಕೋರಿ."

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಒಂದು ಮುಂಜಾನೆ ಚಾಚಾನ ಫೋನ್. ಹಣತೆ ಸಿಕ್ಕಿತ್ತು, ಹೆಸರು ಸಿಕ್ಕಿತ್ತು. ಅಮ್ಮಿನಬಾವಿಯ ರೈತ. ಮೂವತ್ತು ವರ್ಷ ಅವನ ಟ್ರ್ಯಾಕ್ಟರಿನ ಪಂಪು ಚಾಚಾನ ಕೈಯಲ್ಲೇ ಬಿಚ್ಚಿ ಕೂಡುತ್ತಿತ್ತು. "ಮಣ್ಣು ನಾಕಕ್ಕ, ಅವರ ಹೊಲದಾಗ. ನಾನ ಕೇಳೇನಿ. ಯಾರೂ ಹೇಳಿಲ್ಲ ಬೇಟಿ, ನಾನ ಕೇಳೇನಿ," ಎಂದರು. ಅಳುತ್ತಿದ್ದರೋ, ಹಿಗ್ಗುತ್ತಿದ್ದರೋ, ಫೋನಿನಲ್ಲಿ ಗೊತ್ತಾಗಲಿಲ್ಲ. ಸ್ಕೂಟರಿನ ಹಿಂದೆ ಕೂರುವಾಗ ಚಾಚಿ ಬಂದು ಅವರ ಕೊರಳಿಗೆ ಮಫ್ಲರ್ ಸುತ್ತಿದರು. ನನ್ನ ಕಡೆ ನೋಡಲಿಲ್ಲ.

ಹೊಲದ ಬದುವಿನ ಮೇಲೆ ಏಳೆಂಟು ಮುದುಕರು ಕೂತಿದ್ದರು. ಚಾಚಾನ ಕೈ ಹಿಡಿದು ನಾನು ಬರುತ್ತಿದ್ದಂತೆ ಎಲ್ಲರೂ ಒಮ್ಮೆಲೇ ಎದ್ದು ನಿಂತರು. ಗೌರವಕ್ಕೆ ಎದ್ದರು ಅಂದುಕೊಂಡೆ. ಹಾಗಿರಲಿಲ್ಲ.

"ಏ ಉಸ್ತಾದ್!" ಎಂದ ಒಬ್ಬ. "ನೀ ಅದೀಯೇನೋ ಇನ್ನ?"

"ಯಾಕೋ?"

"ಯಾರ ಮಣ್ಣಿಗೂ ಬರವಲ್ಲಿ. ಮನ್ಯಾಗಿದ್ದು ಮಣ್ಣಿಗೆ ಬರಲಾರದಂಥ ಮನಿಶಾ ಅಲ್ಲ ನೀ. ಹೋಗ್ಯಾನ ಅಂತ ತಿಳದಿವಿ. ಚಾದಂಗಡ್ಯಾಗ ಎರಡ ನಿಮಿಷ ಮೌನಾನೂ ಮಾಡೀವಿ."

ಚಾಚಾ ತಬ್ಬಿಬ್ಬಾದರು. ಸಾವುಗಳನ್ನೆಲ್ಲ ಮನೆಯವರು ತಮ್ಮಿಂದ ಮುಚ್ಚಿಟ್ಟಿದ್ದರೆ, ಈ ದೋಸ್ತರ ಪಾಲಿಗೆ ಸತ್ತವರು ತಾವೇ ಎಂಬುದು ಈಗ ಗೊತ್ತಾಗಿತ್ತು. ಆಮೇಲೆ ಕೇಳಿದರು: "ಎರಡ ನಿಮಿಷ? ನೀವು? ಬಾಯಿ ಮುಚ್ಚಕೊಂಡು?"

"ಖರೇ ಮಾಡೀವಪಾ. ಬೇಕಾದ್ರ ಚಾದವನ್ನ ಕೇಳು."

"ಹಂಗಾರ ನಾ ಸತ್ತದ್ದಕ್ಕೂ ಸಾರ್ಥಕ ಆತು."

ಬದುವಿನ ಮೇಲೆ ನಗೆ ಎದ್ದಿತು. ಸತ್ತವನ ಹೆಂಡತಿ ಸೆರಗೆತ್ತಿ ಈ ಕಡೆ ನೋಡಿದಳು. ಎಲ್ಲರೂ ನಗುವುದನ್ನು ನುಂಗಿದರು. ಒಬ್ಬ ನುಂಗಲಾರದೆ ಅಳತೊಡಗಿದ. ಮತ್ತೊಬ್ಬ ಚಾಚಾನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಇದು ಖರೇ ಇದೆಯೋ ಇಲ್ಲವೋ ಎಂಬಂತೆ ಗಲ್ಲ ತಡವಿದ.

ಕಾಯ ಇಳಿಸಿದರು. ಮಂತ್ರ ಮುಗಿಯಿತು. ಒಬ್ಬೊಬ್ಬರಾಗಿ ಮಣ್ಣು ಹಾಕಿ ಹಿಂದೆ ಸರಿದರು. ಚಾಚಾನ ಸರದಿ ಬಂದಾಗ ಅವರು ಬಗ್ಗಿ ನೆಲ ತಡವಾಡಿದರು. ಕೈಗೆ ಹುಲ್ಲು ಸಿಕ್ಕಿತು, ಕಲ್ಲು ಸಿಕ್ಕಿತು. ನಾನು ಕುಕ್ಕರಗಾಲಲ್ಲಿ ಕೂತು ಎರೆಮಣ್ಣು ಬಾಚಿ, ಹೆಂಟೆ ಪುಡಿಮಾಡಿ, ಅವರ ಬೊಗಸೆ ತುಂಬ ಹಾಕಿದೆ.

"ನನ್ನ ಸಾಲ ಚುಕ್ತಾ ಆತ್ರಿ ಚಾಚಾ," ಎಂದು ಮೆಲ್ಲಗೆ ಹೇಳಿದೆ.

ಅವರು ತಲೆಯಾಡಿಸಿ, ಬೊಗಸೆ ಮುಂದೆ ಚಾಚಿ, ಗುಂಡಿಯ ಕಡೆ ಒಂದು ಹೆಜ್ಜೆ ಇಟ್ಟರು. ಮಫ್ಲರಿನ ತುದಿಯನ್ನು ಹಿಂದಿನಿಂದ ಯಾರೋ ಗಪ್ಪನೆ ಹಿಡಿದೆಳೆದರು.

"ಸಾವಕಾಶ, ಉಸ್ತಾದ್! ಇವತ್ತ ಒಬ್ಬನಿಗಷ್ಟ ಗುಂಡಿ ತಗದೀವಿ."